ಗಜಕರ್ಣ ಅಲ್ರೀ, ಸೋರಿಯಾಸಿಸ್! ಟ್ಯೂಬ್ ತಗೊಳ್ಳೂ ಮುಂದ ಇದನ್ನ ನೋಡ್ರಿ

ಟೇಬಲ್ ಮ್ಯಾಲಿಂದೆಲ್ಲಾ ಕಾಣಾಕತ್ತೈತೇನ್ರಿ? ಮುಲಾಮು, ವ್ಯಾಸಲೀನ್ ಡಬ್ಬಿ, ಗುಳಿಗಿ, ರಕ್ತದ ರಿಪೋರ್ಟು. ಸೋರಿಯಾಸಿಸ್ ಇದ್ದ ಮನ್ಯಾಗ ಇಷ್ಟು ಸಾಮಾನು ಇರೂದ. ಮುಟ್ಟಿದ್ರ ಹತ್ತೂ ರೋಗ ಅಲ್ರೀ ಇದು. ಮೈ ಕಾಯೂ ಶಕ್ತಿನ ದಾರಿ ತಪ್ಪಿ ಚರ್ಮದ ಮ್ಯಾಲ ಬೀಳತೈತಿ. ಮ್ಯಾಲಿನ ಪದರ ಹೊಸದಾಗಾಕ ಸುಮಾರು ತಿಂಗಳ ಬೇಕು, ಇಲ್ಲಿ 3ರಿಂದ 5 ದಿನದಾಗ ಮುಗೀತು. ಹಳೇದು ಉದುರೂದ್ರಾಗ ಹೊಸದು ಬಂದು ಕುಂಡರತೈತಿ. ಆ ಬೆಳ್ಳನ ಹೊಟ್ಟು ಅದ.

ಜಳಕದ್ದು ನೋಡ್ರಿ. ಉಗುರುಬೆಚ್ಚನ ನೀರು ಸಾಕು. ನಮ್ಮ ಕಡೆ ಬೋರಿನ ನೀರು ಸವಳಿದ್ದಲ್ಲಿ ಸೋಪು ನೊರೀನ ಬರಂಗಿಲ್ಲ, ಮಂದಿ ಇನ್ನಷ್ಟು ತಿಕ್ಕತಾರ. ತಿಕ್ಕಬ್ಯಾಡ್ರಿ, ಗೀರು ಬಿದ್ದಲ್ಲಿ ಹೊಸ ಕಲೆ ಏಳತೈತಿ. ಮೈ ಇನ್ನೂ ಹಸಿ ಇದ್ದಾಗನ ವ್ಯಾಸಲೀನ್.

ಈಗ ಈ ಟ್ಯೂಬ್. ಇದರ ಮ್ಯಾಲ ಭಾಳ ಸಿಟ್ಟೈತಿ. ಅಂಗಡ್ಯಾಗ 'ಗಜಕರ್ಣಕ್ಕ ಕೊಡ್ರಿ' ಅಂದ್ರ ಚೀಟಿ ಕೇಳದ ಎತ್ತಿ ಕೊಡ್ತಾರ. ಸಣ್ಣ ಅಕ್ಷರ ಓದ್ರಿ: ಕ್ಲೋಬೆಟಾಸಾಲ್ ಅನ್ನೂ ಜೋರ ಸ್ಟೀರಾಯ್ಡ್, ಜೋಡಿಗೆ ಫಂಗಸ್ಸಿಂದೊಂದು, ಬ್ಯಾಕ್ಟೀರಿಯಾದ್ದೊಂದು. ಸೋರಿಯಾಸಿಸ್ಸಿಗೆ ಆ ಎರಡೂ ದಂಡ, ಕೆಲಸ ಮಾಡೂದು ಸ್ಟೀರಾಯ್ಡ್ ಒಂದ. ಕೆಂಪು ಲಗೂನ ಇಳಿತೈತಿ, ಛಲೋ ಔಷಧ ಅಂತ ಮತ್ತೊಂದು ಟ್ಯೂಬ್, ಮ್ಯಾಲ ಇನ್ನೊಂದು. ತಿಂಗಳಗಟ್ಟಲೆ ಹಚ್ಚಿದ್ರ ತೊಡಿ ಸಂದ್ಯಾಗ ಚರ್ಮ ತೆಳ್ಳಗಾಗಿ ಸೀಳು ಗೆರಿ ಬೀಳತಾವ. ಒಮ್ಮೆಲೆ ಬಿಟ್ರ ಮೊದಲಿಗಿಂತ ಜೋರ ತಿರುಗಿ ಬರತೈತಿ, ಕೆಲವರಿಗೆ ಕೀವುಗುಳ್ಳಿ ಸಮೇತ. ಖರೇನ ಗಜಕರ್ಣ ಇದ್ರ ಇನ್ನೂ ಕೆಟ್ಟ, ಅದು ಸ್ಟೀರಾಯ್ಡ್ ತಿಂದು ಹರಡತೈತಿ!

ಹಂಗಂತ ಕ್ಲೋಬೆಟಾಸಾಲ್ ವಿಷ ಏನ್ರಿ? ಈಗಷ್ಟ ಬೈದೆ, ಖರೆ. ಆದ್ರ ಡಾಕ್ಟರ್ ಬರದ ಕೊಟ್ಟ ಬರೇ 0.05% ಕ್ಲೋಬೆಟಾಸಾಲ್, ಮೊಣಕೈ ಮೊಣಕಾಲಿನ ದಪ್ಪ ಕಲೆಗೆ ಎರಡರಿಂದ ನಾಲ್ಕು ವಾರ, ಅಷ್ಟು ಚುರುಕಿನ ಮುಲಾಮು ಕಡಿಮಿ. ಮುಖಕ್ಕ, ಸಂದಿಗೆ ಬ್ಯಾಡ. ತೋರಬೆರಳಿನ ತುದಿ ಗೆಣ್ಣಿನುದ್ದ ಹಿಂಡಿದ್ರ ಅರ್ಧ ಗ್ರಾಂ, ಬೆರಳು ಸಮೇತ ಎರಡು ಅಂಗೈ ಅಗಲಕ್ಕ ಬರೊಬ್ಬರಿ. ಹೊಟ್ಟು ದಪ್ಪ ಇದ್ರ ಅದನ್ನ ಸಡಿಲ ಮಾಡಾಕ ಸ್ಯಾಲಿಸಿಲಿಕ್ ಆಸಿಡ್ ಕೊಡ್ತಾರ, ಆದ್ರ ಅದರ ಮ್ಯಾಲ ಕ್ಯಾಲ್ಸಿಪೊಟ್ರಿಯಾಲ್ ಅನ್ನೂ ವಿಟಮಿನ್ ಡಿ ಜಾತಿ ಮುಲಾಮು ಹಚ್ಚಿದ್ರ ಆಸಿಡ್ಡಿಗೆ ಅದು ಕೆಟ್ಟು ಹೋಗತೈತಿ, ರೊಕ್ಕ ನೀರಾಗ.

ಬಿಸಲಿಗೆ ಕುಂಡ್ರು ಅನ್ನೋರು ಭಾಳ. ದವಾಖಾನ್ಯಾಗ ಇದಕ್ಕ ಕೊಡೂ ಬೆಳಕು ಯುವಿಬಿ ಅನ್ನೂ ಕಣ್ಣಿಗೆ ಕಾಣದ ಕಿರಣ, 311 ನ್ಯಾನೋಮೀಟರಿಂದು, ಅಳತಿ ಹಾಕಿ ವಾರಕ್ಕ ಎರಡು ಮೂರು ಸಲ ಕೊಡೂದು. ವಿಜಯಪುರದ ಏಪ್ರಿಲ್ ಬಿಸಲಾಗ ಸುಟ್ಟುಕೊಂಡ್ರ ಸುಟ್ಟಲ್ಲೇ ಕಲೆ ಏಳತಾವ. ತಿಕೋಟಾದಾಗ ದ್ರಾಕ್ಷಿನೂ ಶೆಡ್ಡಿನ ನೆರಳಾಗ ಒಣಗಸ್ತಾರ್ರೀ, ಮಣೂಕದ ಬಣ್ಣ ಕೆಡಬಾರ್ದಂತ!

ಗುಳಿಗಿ. ದಾರಿ ತಪ್ಪಿದ ಆ ಮೈ ಕಾಯೂ ಶಕ್ತಿನ ತಗ್ಗಸೂ ಮೆಥೊಟ್ರೆಕ್ಸೇಟ್ ವಾರಕ್ಕ ಒಂದ ದಿನ, ದಿನಾ ಅಲ್ಲ. ಸೋಮವಾರೋ ಮಂಗಳವಾರೋ, ಯಾವ ದಿನ ಅಂತ ಗೊತ್ತು ಮಾಡಿ ಪಾಕೀಟಿನ ಮ್ಯಾಲ ದಪ್ಪಗ ಬರೀರಿ. ಜೋಡಿಗೆ ಕೊಡೂ ಫೋಲಿಕ್ ಆಸಿಡ್ ವಿಟಮಿನ್ ಗುಳಿಗಿ ಬ್ಯಾರೆ ದಿನ. ಮೆಥೊಟ್ರೆಕ್ಸೇಟ್ ದಿನಾ ನುಂಗಿದ್ರ ರಕ್ತಕಣ ಇಳದು ಜೀವಕ್ಕ ಕುತ್ತು. ರಕ್ತ, ಲಿವರ್, ಕಿಡ್ನಿ ಪರೀಕ್ಷೆ ತಪ್ಪಸೂಹಂಗಿಲ್ಲ. ಸೆರೆ ಕುಡಿಯೂದು ಬ್ಯಾಡ, ಬಸುರಿಗೆ ಈ ಗುಳಿಗಿ ಇಲ್ಲವೇ ಇಲ್ಲ. ಬಾಯಾಗ ಹುಣ್ಣು, ಜ್ವರ ಬಂದ್ರ ನಿಲ್ಲಿಸಿ ಅವತ್ತ ಡಾಕ್ಟರ್ ಹತ್ರ ಹೋಗ್ರಿ. ತಲಿಗೆ ಹಚ್ಚೂ ಟಾರ್ ಶಾಂಪೂ ಮುಂದಿನ ವಿಡಿಯೋದಾಗ, ಬ್ಯಾಟರಿ ಕೆಂಪಾತು.