15ರ ಹುಡುಗನಿಗೆ ಎರಡನೇ ಬಾಗಿಲು

ಕೇಳುಗರಿಗೆಲ್ಲ ನಮಸ್ಕಾರ.

ಫುಟ್‌ಬಾಲ್ ಚೆನ್ನಾಗಿ ಆಡುವ 15 ವರ್ಷದ ಹುಡುಗನೊಬ್ಬ ಇದ್ದಾನೆ ಅನ್ನಿ. ಅವನು ಹೈಸ್ಕೂಲ್ ತಂಡದಲ್ಲಿ ಆಡಬೇಕೋ, ಕ್ಲಬ್ಬಿನ ಅಕಾಡೆಮಿಯಲ್ಲೋ, ಅಂದರೆ ಕ್ಲಬ್ಬು ನಡೆಸುವ ತರಬೇತಿ ತಂಡದಲ್ಲೋ? ಅಮೆರಿಕದಲ್ಲಿ ಇದನ್ನು ಹುಡುಗರ ಇಷ್ಟಕ್ಕೆ ಬಿಡಲಿಲ್ಲ. ಅಲ್ಲಿ ಫುಟ್‌ಬಾಲಿಗೆ ಸಾಕರ್ ಅನ್ನುತ್ತಾರೆ. ಅಲ್ಲಿನ ಸಾಕರ್ ಸಂಸ್ಥೆ 2007ರಲ್ಲಿ ಡೆವಲಪ್‌ಮೆಂಟ್ ಅಕಾಡೆಮಿ ಎಂಬ ಲೀಗ್ ಶುರು ಮಾಡಿತು. 2012ರಲ್ಲಿ ಅದನ್ನು ವರ್ಷಕ್ಕೆ ಹತ್ತು ತಿಂಗಳು ನಡೆಸುವುದೆಂದು ತೀರ್ಮಾನಿಸಿತು. ಅಲ್ಲಿ ಆಡುವ ಬಹುಪಾಲು ಹುಡುಗರು ಶಾಲೆಯ ತಂಡ ಬಿಡಲೇಬೇಕಾಯಿತು.

ಅದಕ್ಕೆ ಕಾರಣವೂ ಇತ್ತು. ಹೈಸ್ಕೂಲ್ ಪಂದ್ಯಗಳು ಸುಮಾರು ಮೂರು ತಿಂಗಳಲ್ಲಿ ಮುಗಿಯುತ್ತವೆ. ವಾರಕ್ಕೆ ಎರಡು, ಮೂರು ಪಂದ್ಯ. ಆಡುವುದು, ಸುಧಾರಿಸಿಕೊಳ್ಳುವುದು, ಇಷ್ಟರಲ್ಲೇ ವಾರ ಕಳೆಯುತ್ತದೆ. ಹೊಸದೇನಾದರೂ ಕಲಿಯಲು ಸಮಯ ಎಲ್ಲಿ? ಹೊರಗೆ ಹೋದ ಆಟಗಾರ ಮತ್ತೆ ಒಳಗೆ ಬರಬಹುದು ಎಂಬ ನಿಯಮ ಬೇರೆ. ದಣಿದವರು ಸುಧಾರಿಸಿಕೊಂಡು ಬಂದು ಮತ್ತೆ ಓಡುತ್ತಾರೆ. ಹಾಗಾಗಿ ಓಟದ ಭರಾಟೆಯೇ ಜಾಸ್ತಿ. ಚೆಂಡನ್ನು ಕಾಲಲ್ಲಿಟ್ಟುಕೊಂಡು ಯೋಚಿಸಿ ಆಡುವವನಿಗೆ ಪುರುಸೊತ್ತು ಸಿಗುವುದು ಕಷ್ಟ. ಈ ಮಾತನ್ನು ನಾನು ಒಪ್ಪುತ್ತೇನೆ.

ಆದರೆ ಯಾರು ಮುಂದೆ ಬರುತ್ತಾರೆ ಅಂತ 15ಕ್ಕೇ ಹೇಳಲು ಆಗುತ್ತದೆಯೇ? ನನ್ನ ತಕರಾರು ಇಲ್ಲೇ ಇರುವುದು.

ಜಪಾನಿನ ಶುನ್‌ಸುಕೆ ನಕಮುರಾ ಅವರನ್ನು ನೋಡಿ. ಯೊಕೊಹಾಮಾ ಮರಿನೋಸ್ ಕ್ಲಬ್ಬಿನ ಕಿರಿಯರ ತಂಡದಲ್ಲಿದ್ದರು. ಮುಂದಿನ ಹಂತಕ್ಕೆ ಕ್ಲಬ್ಬು ಅವರನ್ನು ತೆಗೆದುಕೊಳ್ಳಲಿಲ್ಲ. ತೊಕೊ ಗಕುಎನ್ ಎಂಬ ಹೈಸ್ಕೂಲ್ ಸೇರಿದರು. ಹೊಸ ವರ್ಷದ ಹೊತ್ತಿಗೆ ನಡೆಯುವ ರಾಷ್ಟ್ರೀಯ ಹೈಸ್ಕೂಲ್ ಪಂದ್ಯಾವಳಿಯಲ್ಲಿ, ಶಾಲೆಯ ಜೊತೆ ಫೈನಲ್ ತನಕ ಹೋದರು. 1997ರಲ್ಲಿ ಅದೇ ಮರಿನೋಸ್ ಅವರನ್ನು ವೃತ್ತಿಪರ ಆಟಗಾರನಾಗಿ ಸೇರಿಸಿಕೊಂಡಿತು! ಮುಂದೆ 2006ರಲ್ಲಿ, ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗಿನಲ್ಲಿ, ಸ್ಕಾಟ್ಲೆಂಡಿನ ಸೆಲ್ಟಿಕ್ ಪರವಾಗಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಅವರು ಹೊಡೆದ ಫ್ರೀಕಿಕ್ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಜಪಾನಿನವರೇ ಆದ ಕೆಯ್ಸುಕೆ ಹೊಂಡಾ ಅವರದೂ ಇದೇ ಕಥೆ. ಗಂಬಾ ಒಸಾಕಾ ಕ್ಲಬ್ಬು ಅವರನ್ನು ಮುಂದಕ್ಕೆ ಕರೆದುಕೊಳ್ಳಲಿಲ್ಲ. ಸೆಯ್‌ರ್ಯೊ ಹೈಸ್ಕೂಲಿನಲ್ಲಿ ಬೆಳೆದರು. 2010, 2014, 2018, ಮೂರೂ ವಿಶ್ವಕಪ್‌ಗಳಲ್ಲಿ ಗೋಲು ಹೊಡೆದರು. ಶಾಲೆಯ ತಂಡಗಳು ಇಲ್ಲದಿದ್ದರೆ ಇಬ್ಬರೂ ಎಲ್ಲಿರುತ್ತಿದ್ದರೋ!

ಅಮೆರಿಕದ ಕ್ಲಿಂಟ್ ಡೆಂಪ್ಸಿ ಕೂಡ ಟೆಕ್ಸಸ್‌ನ ನಾಕಡೋಚಸ್ ಎಂಬ ಪುಟ್ಟ ಊರಿನಲ್ಲಿ ಹೈಸ್ಕೂಲ್ ತಂಡಕ್ಕೆ ಆಡಿದವರೇ. ದೇಶಕ್ಕಾಗಿ 57 ಗೋಲು ಹೊಡೆದರು. ಶಾಲೆಯ ಆಟ ಬಿಡಿಸಿದ ಆ ಡೆವಲಪ್‌ಮೆಂಟ್ ಅಕಾಡೆಮಿ 2020ರ ಏಪ್ರಿಲ್‌ನಲ್ಲಿ ಮುಚ್ಚಿತು. ಆದರೆ ಶಾಲೆಯೋ ಕ್ಲಬ್ಬೋ ಎಂಬ ಕಟ್ಟುಪಾಡು ಅದರ ಜೊತೆಗೇ ಹೋಗಲಿಲ್ಲ.

ಅಲ್ಲಿರುವ ನಮ್ಮ ಕನ್ನಡದ ಮನೆಗಳ ಮಕ್ಕಳೂ ಸಾಕರ್ ಆಡುತ್ತಾರಲ್ವಾ? ಅಕಾಡೆಮಿಯವರು ಕರೆದಾಗ ತಂದೆ ತಾಯಿ ಒಂದು ಮಾತು ಕೇಳಿ: ನಮ್ಮ ಮಗು ಪಂದ್ಯದಲ್ಲಿ ಎಷ್ಟು ನಿಮಿಷ ಆಡುತ್ತದೆ? ದೊಡ್ಡ ಹೆಸರಿನ ತಂಡದಲ್ಲಿ ಸುಮ್ನೆ ಬೆಂಚಿನ ಮೇಲೆ ಕೂರುವುದಕ್ಕಿಂತ, ಶಾಲೆಯ ತಂಡದಲ್ಲಿ ಪೂರ್ತಿ ಆಡುವುದು ಎಷ್ಟೋ ಮೇಲು.

ಜಪಾನಿನಲ್ಲಿ ಇವೆರಡರ ನಡುವೆ ಗೋಡೆಯನ್ನೇ ಕಟ್ಟಲಿಲ್ಲ. 18ರೊಳಗಿನವರ ಪ್ರೀಮಿಯರ್ ಲೀಗ್ 2011ರಲ್ಲಿ ಶುರುವಾಯಿತು. ಅದರಲ್ಲಿ ಶಾಲೆಗಳೂ ಕ್ಲಬ್ಬುಗಳ ಯುವ ತಂಡಗಳೂ ಒಟ್ಟಿಗೇ ಆಡುತ್ತವೆ. 2023ರ ಫೈನಲ್‌ನಲ್ಲಿ ಸಾನ್‌ಫ್ರೆಚ್ಚೆ ಹಿರೋಷಿಮಾ ಕ್ಲಬ್ಬಿನ ಹುಡುಗರನ್ನು 2-1ರಿಂದ ಸೋಲಿಸಿದ್ದು ಒಂದು ಹೈಸ್ಕೂಲ್, ಅಒಮೊರಿ ಯಮಾದಾ.

ನಮಸ್ಕಾರ.