ದೊಡ್ಡ ಉದ್ಯಮ ಎಂದರೆ ಯಾವ ಲೆಕ್ಕದಲ್ಲಿ ದೊಡ್ಡದು?

ಕೇಳುಗರಿಗೆ ನಮಸ್ಕಾರ.

"ಅದು ಭಾರಿ ದೊಡ್ಡ ಕಂಪನಿ" ಎಂಬ ಮಾತು ನಮ್ಮ ಬಾಯಿಗೆ ಸಲೀಸಾಗಿ ಬರುತ್ತದೆ. ಯಾವ ಲೆಕ್ಕದಲ್ಲಿ ದೊಡ್ಡದು ಎಂದು ಯಾರಾದರೂ ಮರುಪ್ರಶ್ನೆ ಹಾಕಿದರೆ ಉತ್ತರ ತಡವರಿಸುತ್ತದೆ. ಕೆಲಸದವರು ಬಹಳ ಇದ್ದಾರೆ ಎನ್ನುತ್ತಾರೆ ಒಬ್ಬರು. ಮಾರಾಟ ಬಹಳ ಎನ್ನುತ್ತಾರೆ ಇನ್ನೊಬ್ಬರು. ಲಾಭ ಬಹಳ ಎಂದು ಹೇಳುವವರೂ ಇದ್ದಾರೆ. ವ್ಯವಹಾರ ಅಧ್ಯಯನ ಓದುವ ವಿದ್ಯಾರ್ಥಿಗಳಿಗೆ ಇದು ಮೊದಮೊದಲ ಪಾಠಗಳಲ್ಲೇ ಎದುರಾಗುವ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಮೊದಲು ಕಲಿಯುವ ಕೊರತೆಯ ಪಾಠ ಗಟ್ಟಿಯಾಗದೆ ಗಾತ್ರದ ಪಾಠ ತಲೆಗೆ ಹತ್ತುವುದಿಲ್ಲ. ಹಾಗಾಗಿ ಅಲ್ಲಿಂದಲೇ ಮಾತು ಶುರುಮಾಡುತ್ತೇನೆ.

ಕೊರತೆ ಎಂದ ಕೂಡಲೇ ಬಡತನ ನೆನಪಾಗುತ್ತದೆ. ಅರ್ಥಶಾಸ್ತ್ರದಲ್ಲಿ ಎರಡೂ ಬೇರೆ ಬೇರೆ. ಕೋಟ್ಯಧಿಪತಿಗೂ ಕೊರತೆ ಇದೆ, ಏಕೆಂದರೆ ಅವನ ದಿನಕ್ಕೂ 24 ಗಂಟೆಗಳೇ. ಶ್ರೀಮಂತ ದೇಶದ ಸರ್ಕಾರಕ್ಕೂ ಕೊರತೆ ಇದೆ. ಆಸ್ಪತ್ರೆ ಕಟ್ಟಲು ಬಳಸಿದ ಸಿಮೆಂಟು, ಉಕ್ಕು, ಎಂಜಿನಿಯರುಗಳ ಸಮಯ, ಇವನ್ನೇ ಮತ್ತೆ ಸೇತುವೆಗೆ ಬಳಸಲು ಬರುವುದಿಲ್ಲ. ಜನರಿಗೆ ಬೇಕಾದದ್ದು ಎಷ್ಟೋ ಇದೆ, ಅದನ್ನು ಒದಗಿಸುವ ಸಂಪನ್ಮೂಲಗಳಿಗೆ ಮಿತಿ ಇದೆ. ಈ ಎರಡರ ನಡುವಿನ ಅಂತರಕ್ಕೇ ಕೊರತೆ ಎನ್ನುವುದು.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಲಯೊನೆಲ್ ರಾಬಿನ್ಸ್ 1932ರಲ್ಲಿ ಅರ್ಥಶಾಸ್ತ್ರಕ್ಕೆ ಕೊಟ್ಟ ವ್ಯಾಖ್ಯೆ ನಿಂತಿರುವುದೇ ಇದರ ಮೇಲೆ. ಅವರ ಮಾತಿನ ಸಾರ ಇಷ್ಟು: ಮನುಷ್ಯನ ಗುರಿಗಳು ಹಲವು, ಸಾಧನಗಳು ಮಿತ, ಆ ಸಾಧನಗಳಿಗೆ ಒಂದಕ್ಕಿಂತ ಹೆಚ್ಚು ಬಳಕೆಗಳಿವೆ. ಈ ಮೂರನೆಯ ಭಾಗವನ್ನು ವಿದ್ಯಾರ್ಥಿಗಳು ಬಿಟ್ಟು ಬರೆಯುವುದೇ ಹೆಚ್ಚು. ಒಂದು ಸಾಧನಕ್ಕೆ ಒಂದೇ ಬಳಕೆ ಇದ್ದಿದ್ದರೆ ಆಯ್ಕೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಒಂದೇ ಮರದಿಂದ ಕುರ್ಚಿಯೂ ಆದೀತು, ಬಾಗಿಲೂ ಆದೀತು, ಕಾಗದವೂ ಆದೀತು. ಯಾವುದು ಆಗಬೇಕು ಎಂದು ಯಾರೋ ತೀರ್ಮಾನಿಸಬೇಕು.

ತೀರ್ಮಾನ ಮಾಡಿದ ಮೇಲೆ ಕೈಬಿಟ್ಟದ್ದೊಂದು ಇದ್ದೇ ಇರುತ್ತದೆ. ಹೀಗೆ ಕೈಬಿಟ್ಟವುಗಳಲ್ಲಿ ಎಲ್ಲಕ್ಕಿಂತ ಉತ್ತಮವಾದದ್ದೇ ಅವಕಾಶ ವೆಚ್ಚ. "ಎಲ್ಲಕ್ಕಿಂತ ಉತ್ತಮವಾದದ್ದು" ಎಂಬುದನ್ನು ಗಮನಿಸಿ. ಕೈಬಿಟ್ಟ ಹತ್ತು ದಾರಿಗಳನ್ನೂ ಕೂಡಿಸಿ ಲೆಕ್ಕ ಹಾಕುವಂತಿಲ್ಲ, ಏಕೆಂದರೆ ಆ ಹತ್ತನ್ನೂ ಒಟ್ಟಿಗೆ ಆರಿಸಿಕೊಳ್ಳಲು ಹೇಗೂ ಸಾಧ್ಯವಿರಲಿಲ್ಲ. ಒಬ್ಬ ಉದ್ಯಮಿ ತನ್ನ ಸ್ವಂತ ಕಟ್ಟಡದಲ್ಲೇ ಕಾರ್ಖಾನೆ ಇಟ್ಟಿದ್ದಾನೆ ಎನ್ನಿ. ಬಾಡಿಗೆ ಕಟ್ಟುವ ಕಾಟವಿಲ್ಲ, ಆದ್ದರಿಂದ ಕಟ್ಟಡದ ಖರ್ಚು ಸೊನ್ನೆ ಎಂದು ಅವನ ಲೆಕ್ಕಪುಸ್ತಕ ಹೇಳುತ್ತದೆ. ಆದರೆ ಅದೇ ಕಟ್ಟಡವನ್ನು ಬೇರೆಯವರಿಗೆ ಕೊಟ್ಟಿದ್ದರೆ ಬರುತ್ತಿದ್ದ ಬಾಡಿಗೆಯನ್ನು ಅವನು ಪ್ರತಿ ತಿಂಗಳೂ ಬಿಟ್ಟುಕೊಡುತ್ತಿದ್ದಾನೆ. ರಸೀದಿ ಇಲ್ಲದ ಈ ಖರ್ಚು ಕಣ್ಣಿಗೆ ಕಾಣುವುದಿಲ್ಲ. ಲಾಭದಲ್ಲಿದ್ದೇವೆ ಎಂದುಕೊಂಡೇ ವರ್ಷಗಟ್ಟಲೆ ನಡೆಯುವ ಎಷ್ಟೋ ವ್ಯವಹಾರಗಳು ಈ ಖರ್ಚನ್ನೂ ಸೇರಿಸಿ ನೋಡಿದರೆ ನಷ್ಟದಲ್ಲಿರುತ್ತವೆ.

ಸಂಪನ್ಮೂಲಗಳನ್ನು ನಾಲ್ಕು ಉತ್ಪಾದನಾಂಗಗಳಾಗಿ ವಿಂಗಡಿಸುವುದು ವಾಡಿಕೆ. ಭೂಮಿ, ಶ್ರಮ, ಬಂಡವಾಳ, ಉದ್ಯಮಶೀಲತೆ. ಭೂಮಿ ಎಂದಾಗ ನೀರು, ಖನಿಜ, ಕಾಡು ಎಲ್ಲವೂ ಸೇರುತ್ತವೆ. ಬಂಡವಾಳ ಎಂದರೆ ಇಲ್ಲಿ ಬರೀ ಹಣವಲ್ಲ, ಯಂತ್ರ, ಕಟ್ಟಡ, ವಾಹನಗಳೂ ಹೌದು. ಮೊದಲ ಮೂರನ್ನು ಒಟ್ಟುಗೂಡಿಸಿ, ನಷ್ಟದ ಭಯವನ್ನು ತನ್ನ ಮೇಲೆ ಹಾಕಿಕೊಂಡು ಮುಂದಾಗುವವನೇ ಉದ್ಯಮಿ.

ಕೊರತೆಯನ್ನು ಪೂರ್ತಿ ನೀಗಿಸಲು ಆಗುವುದಿಲ್ಲ, ಇರುವುದರಲ್ಲೇ ಹೆಚ್ಚು ತೆಗೆಯಲು ಆಗುತ್ತದೆ. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲಿ ಬರೆದ ಗುಂಡುಸೂಜಿ ಕಾರ್ಖಾನೆಯ ವಿವರ ಇದಕ್ಕೆ ಇಂದಿಗೂ ಒಳ್ಳೆಯ ಉದಾಹರಣೆ. ಒಬ್ಬ ತಂತಿ ಎಳೆಯುತ್ತಾನೆ, ಇನ್ನೊಬ್ಬ ನೆಟ್ಟಗೆ ಮಾಡುತ್ತಾನೆ, ಮೂರನೆಯವನು ಕತ್ತರಿಸುತ್ತಾನೆ, ನಾಲ್ಕನೆಯವನು ಮೊನೆ ಚೂಪು ಮಾಡುತ್ತಾನೆ, ಸೂಜಿಯ ತಲೆ ಮಾಡುವುದಕ್ಕೇ ಎರಡು ಮೂರು ಬೇರೆ ಕೆಲಸಗಳು. ಹೀಗೆ ಸುಮಾರು 18 ಹಂತಗಳು. ಸ್ಮಿತ್ ನೋಡಿದ ಸಣ್ಣ ಕಾರ್ಖಾನೆಯಲ್ಲಿ 10 ಜನ ಸೇರಿ ದಿನಕ್ಕೆ 48,000ಕ್ಕೂ ಹೆಚ್ಚು ಸೂಜಿ ಮಾಡುತ್ತಿದ್ದರು. ಈ ಕೆಲಸದ ತರಬೇತಿ ಇಲ್ಲದ ಒಬ್ಬನೇ ಎಲ್ಲವನ್ನೂ ಮಾಡಹೊರಟರೆ ದಿನಕ್ಕೆ 20 ಸೂಜಿಯೂ ಆಗುತ್ತಿರಲಿಲ್ಲ ಎನ್ನುತ್ತಾರೆ ಅವರು.

ಹೀಗೆ ಒಂದು ಕೆಲಸವನ್ನು ಹಲವರ ನಡುವೆ ಹಂಚುವ ಶ್ರಮ ವಿಭಜನೆಗೆ ಇನ್ನೊಂದು ಮುಖವೂ ಇದೆ. ಹೆನ್ರಿ ಫೋರ್ಡ್ 1913ರಲ್ಲಿ ಕಾರು ಜೋಡಿಸುವ ಚಲಿಸುವ ಸಾಲನ್ನು ತಂದಾಗ, ಒಂದು ಚಾಸಿ, ಅಂದರೆ ಕಾರಿನ ತಳದ ಚೌಕಟ್ಟು, ಜೋಡಿಸುವ ಸಮಯ ಹನ್ನೆರಡೂವರೆ ಗಂಟೆಯಿಂದ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಆದರೆ ದಿನವಿಡೀ ಒಂದೇ ಬೋಲ್ಟು ತಿರುಗಿಸುವ ಕೆಲಸಕ್ಕೆ ಜನ ಬೇಸತ್ತು ಬಿಟ್ಟುಹೋಗತೊಡಗಿದರು. ಸುಮಾರು 14,000 ಜನರನ್ನು ಉಳಿಸಿಕೊಳ್ಳಲು ಅದೇ ವರ್ಷ 50,000ಕ್ಕೂ ಹೆಚ್ಚು ಜನರನ್ನು ನೇಮಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ಕಂಪನಿ ದಿನಗೂಲಿಯನ್ನು 5 ಡಾಲರ್‌ಗೆ ಏರಿಸಿತು, ಹೆಚ್ಚುಕಡಿಮೆ ಹಿಂದಿನದರ ಎರಡರಷ್ಟು. ಸಮಯ ಉಳಿಯಿತು, ಆದರೆ ಸಹನೆಯಿಂದ ನಿಂತು ದುಡಿಯುವ ಕೈಗಳಿಗೆ ಕೊರತೆಯಾಯಿತು. ಕೊರತೆ ಒಂದು ಕಡೆ ತಗ್ಗಿದರೆ ಇನ್ನೊಂದು ಕಡೆ ತಲೆ ಎತ್ತುತ್ತದೆ ಎನ್ನಲು ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಮೌಲ್ಯವರ್ಧನೆಯ ಬಗ್ಗೆಯೂ ಒಂದು ಮಾತು. ಕೊಂಡ ಸಾಮಗ್ರಿಯ ಬೆಲೆಗೂ ಮಾರಿದ ವಸ್ತುವಿನ ಬೆಲೆಗೂ ಇರುವ ವ್ಯತ್ಯಾಸವೇ ಮೌಲ್ಯವರ್ಧನೆ. 40ಕ್ಕೆ ಮರ ಕೊಂಡು, ಕುರ್ಚಿ ಮಾಡಿ 100ಕ್ಕೆ ಮಾರಿದರೆ ಸೇರಿಸಿದ ಮೌಲ್ಯ 60. ಅದು ಲಾಭ ಅಲ್ಲವೇ ಅಲ್ಲ. ಆ 60ರಲ್ಲೇ ಕೂಲಿ, ಬಾಡಿಗೆ, ವಿದ್ಯುತ್ತು, ಜಾಹೀರಾತು ಎಲ್ಲದರ ಖರ್ಚೂ ಹೊರಡಬೇಕು. ಇವೆಲ್ಲ ಕಳೆದು ಏನಾದರೂ ಉಳಿದರೆ ಅದು ಲಾಭ.

ಈಗ ಗಾತ್ರದ ಪ್ರಶ್ನೆಗೆ ಬರೋಣ. ಉದ್ಯಮದ ಗಾತ್ರ ಅಳೆಯುವುದೆಂದರೆ, ಸಮಾಜದ ಮಿತ ಸಂಪನ್ಮೂಲಗಳಲ್ಲಿ ಆ ಉದ್ಯಮ ಎಷ್ಟನ್ನು ತನ್ನ ಕೈಯಲ್ಲಿ ಹಿಡಿದುಕೊಂಡಿದೆ, ಅದರಿಂದ ಎಷ್ಟನ್ನು ಹೊರತರುತ್ತಿದೆ ಎಂದು ಕೇಳುವುದು. ಸಂಪನ್ಮೂಲ ಒಂದೇ ಬಗೆಯದಲ್ಲ, ಆದ್ದರಿಂದಲೇ ಅಳತೆಯೂ ಒಂದೇ ಅಲ್ಲ.

ಎಲ್ಲಕ್ಕಿಂತ ಸುಲಭದ ಅಳತೆ ಸಿಬ್ಬಂದಿಯ ಸಂಖ್ಯೆ. ಎಣಿಸಿದರೆ ಮುಗಿಯಿತು. ಅಮೆರಿಕದ ಅಂಗಡಿ ಸರಣಿ ವಾಲ್‌ಮಾರ್ಟ್‌ನಲ್ಲಿ ಸುಮಾರು 21 ಲಕ್ಷ ಜನ ಕೆಲಸ ಮಾಡುತ್ತಾರೆ, ಅದನ್ನು ದೊಡ್ಡದೆನ್ನಲು ಯಾರೂ ಹಿಂಜರಿಯುವುದಿಲ್ಲ. ಆದರೆ 2014ರಲ್ಲಿ ಫೇಸ್‌ಬುಕ್ ಕಂಪನಿ 1,900 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿದಾಗ, ವಾಟ್ಸ್ಯಾಪ್‌ನಲ್ಲಿದ್ದ ಸಿಬ್ಬಂದಿ 55 ಮಾತ್ರ. ಅದನ್ನು ಬಳಸುತ್ತಿದ್ದವರು ಸುಮಾರು 45 ಕೋಟಿ ಜನ. ತಲೆ ಎಣಿಸಿ ಗಾತ್ರ ಹೇಳುವವನಿಗೆ ಅದೊಂದು ಸಣ್ಣ ಸಂಸ್ಥೆ. ಎಣಿಕೆಯಲ್ಲೂ ತೊಡಕಿದೆ. ಅರ್ಧ ದಿನ ಬಂದು ಹೋಗುವವರನ್ನು ಪೂರ್ತಿ ಒಬ್ಬರೆಂದು ಹಿಡಿಯಬೇಕೇ? ಯುರೋಪಿಯನ್ ಒಕ್ಕೂಟ ಇದಕ್ಕೆ ವಾರ್ಷಿಕ ಶ್ರಮ ಘಟಕ ಎಂಬ ಲೆಕ್ಕ ಇಟ್ಟುಕೊಂಡಿದೆ. ವರ್ಷಪೂರ್ತಿ ಪೂರ್ಣಾವಧಿ ದುಡಿದವರು ಒಂದು ಘಟಕ. ಅರೆಕಾಲಿಕರು, ಹಂಗಾಮಿಗಳು ಅದರ ಅಂಶಗಳು.

ಎರಡನೆಯದು ತೊಡಗಿಸಿದ ಬಂಡವಾಳ. ವ್ಯವಹಾರದಲ್ಲಿ ದೀರ್ಘಾವಧಿಗೆ ಹೂಡಿದ ಒಟ್ಟು ಹಣ, ಅಂದರೆ ಮಾಲೀಕರದ್ದೂ ದೀರ್ಘಾವಧಿ ಸಾಲದ್ದೂ ಸೇರಿ. ಒಂದು ವಿದ್ಯುತ್ ಸ್ಥಾವರವನ್ನು ನೋಡಿ. ನಿಯಂತ್ರಣ ಕೊಠಡಿಯಲ್ಲಿ ಬೆರಳೆಣಿಕೆಯ ಜನ ಕೂತಿರುತ್ತಾರೆ, ಹೊರಗೆ ಅಪಾರ ಹಣದ ಯಂತ್ರಗಳು ಓಡುತ್ತಿರುತ್ತವೆ. ಇದು ಬಂಡವಾಳಪ್ರಧಾನ. ಕಚೇರಿಗಳನ್ನು ಗುಡಿಸಿ ಒರೆಸುವ ಗುತ್ತಿಗೆ ಹಿಡಿದ ಸಂಸ್ಥೆಯಲ್ಲಿ ಸಾವಿರಾರು ಜನ ಇರುತ್ತಾರೆ, ಆಸ್ತಿ ಎಂದರೆ ಕೆಲವು ಯಂತ್ರಗಳು, ಬಕೆಟ್ಟುಗಳು, ಒಂದಷ್ಟು ವ್ಯಾನುಗಳು. ಇದು ಶ್ರಮಪ್ರಧಾನ. ಇವೆರಡನ್ನು ಬಂಡವಾಳದ ಅಳತೆಯಲ್ಲಿ ಪಕ್ಕಪಕ್ಕ ಇಟ್ಟರೆ ಒಂದು ತೀರ್ಪು, ಸಿಬ್ಬಂದಿಯ ಅಳತೆಯಲ್ಲಿ ಅದರ ತಿರುಗುಮುರುಗು. ಯಾವುದೂ ಸುಳ್ಳಲ್ಲ, ಒಂದು ಬಂಡವಾಳದ ಬಗ್ಗೆ ಹೇಳಿದರೆ ಇನ್ನೊಂದು ಶ್ರಮದ ಬಗ್ಗೆ ಹೇಳುತ್ತದೆ.

ಮಾರಾಟದ ಮೌಲ್ಯ, ಅಂದರೆ ವಹಿವಾಟು, ಅಂಗಡಿ ಅಂಗಡಿಗಳನ್ನು ಹೋಲಿಸಲು ಚೆನ್ನಾಗಿ ಹೊಂದುತ್ತದೆ. ಬೇರೆ ಬೇರೆ ಸರಕಿನವರನ್ನು ಹೋಲಿಸಿದರೆ ಕೈಕೊಡುತ್ತದೆ. ವಜ್ರದ ವ್ಯಾಪಾರಿ ವರ್ಷಕ್ಕೆ ನಾಲ್ಕಾರು ಕಲ್ಲು ಮಾರಿದರೂ ವಹಿವಾಟು ಭಾರಿ ಕಾಣುತ್ತದೆ. ಅದರಲ್ಲಿ ಅವನು ಸೇರಿಸಿದ ಮೌಲ್ಯ ತೀರಾ ತೆಳುವಾಗಿರಬಹುದು. ಬೆಲೆ ಏರಿದ ವರ್ಷಗಳಲ್ಲಂತೂ ಒಂದು ಸಾಮಾನೂ ಹೆಚ್ಚು ಮಾರದೆ ವಹಿವಾಟು ಬೆಳೆದಂತೆ ತೋರುತ್ತದೆ. ಉತ್ಪಾದನೆಯ ಮೌಲ್ಯಕ್ಕೂ ಇಂಥದ್ದೇ ಮಿತಿ, ಜೊತೆಗೆ ಮಾರಾಟವಾಗದೆ ಗೋದಾಮಿನಲ್ಲಿ ಬಿದ್ದಿರುವ ಸರಕೂ ಅದರಲ್ಲಿ ಸೇರಿಕೊಂಡಿರುತ್ತದೆ.

ಮಾರುಕಟ್ಟೆ ಪಾಲು, ಅಂದರೆ ಮಾರುಕಟ್ಟೆಯ ಒಟ್ಟು ಮಾರಾಟದಲ್ಲಿ ಒಂದು ಕಂಪನಿಯ ಭಾಗ, ಹೋಲಿಕೆಯ ಅಳತೆ. ಗಿರಾಕಿಯೂ ಒಂದು ಬಗೆಯ ಕೊರತೆಯ ವಸ್ತುವೇ, ಅವನು ಒಬ್ಬರ ಬಳಿ ಕೊಂಡರೆ ಇನ್ನೊಬ್ಬರ ಬಳಿ ಕೊಳ್ಳುವುದಿಲ್ಲ. 1920ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧದಷ್ಟು ಫೋರ್ಡ್‌ನವು. ಆ ದಶಕ ಮುಗಿಯುವ ಹೊತ್ತಿಗೆ ಜನರಲ್ ಮೋಟಾರ್ಸ್ ಮುಂದೆ ಹೋಗಿತ್ತು. ಫೋರ್ಡ್‌ನ ಕಾರ್ಖಾನೆಗಳು ಆಗಲೂ ಅಗಾಧವಾಗಿಯೇ ಇದ್ದವು. ಪುಟ್ಟ ಮಾರುಕಟ್ಟೆಯ ಶೇ 80ರಷ್ಟು ಪಾಲು ಹಿಡಿದವನೂ ಒಟ್ಟಿನಲ್ಲಿ ಸಣ್ಣ ಉದ್ಯಮಿಯೇ ಆಗಿರಬಹುದು ಎಂಬುದೂ ನೆನಪಿರಲಿ.

ಲಾಭವನ್ನು ಗಾತ್ರದ ಅಳತೆ ಎಂದು ಬರೆದ ಉತ್ತರಕ್ಕೆ ಅಂಕ ಸಿಗುವುದಿಲ್ಲ, ಅದು ಸರಿಯೂ ಹೌದು. ಅಮೆಜಾನ್ ಶುರುವಾದದ್ದು 1994ರಲ್ಲಿ. ಅದು ಮೊದಲ ಸಲ ಲಾಭ ತೋರಿಸಿದ ತ್ರೈಮಾಸಿಕ 2001ರ ಕೊನೆಯದು. ಆ ಮೂರು ತಿಂಗಳ ಮಾರಾಟ 100 ಕೋಟಿ ಡಾಲರ್ ದಾಟಿತ್ತು, ಲಾಭ ಸುಮಾರು 50 ಲಕ್ಷ ಡಾಲರ್. ಅದಕ್ಕೆ ಹಿಂದಿನ ತ್ರೈಮಾಸಿಕದಲ್ಲಿ ನಷ್ಟವಿತ್ತು ಎಂದು ಅದನ್ನು ಸಣ್ಣ ಕಂಪನಿ ಎನ್ನಲು ಬರುತ್ತದೆಯೇ? ಲಾಭ ಹೇಳುವುದು ವ್ಯವಹಾರ ಹೇಗೆ ನಡೆಯುತ್ತಿದೆ ಎಂಬುದನ್ನು, ಎಷ್ಟು ದೊಡ್ಡದಿದೆ ಎಂಬುದನ್ನಲ್ಲ.

ಈ ಅಳತೆಗಳು ಬೇಕಾಗಿರುವುದು ಪರೀಕ್ಷೆಗಷ್ಟೇ ಅಲ್ಲ. ಸರ್ಕಾರಗಳು ಸಣ್ಣ ಉದ್ಯಮಗಳಿಗೆ ನೆರವು, ತೆರಿಗೆ ರಿಯಾಯಿತಿ ಕೊಡುವಾಗ ಎಲ್ಲಿ ಗೆರೆ ಎಳೆಯಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಯುರೋಪಿಯನ್ ಒಕ್ಕೂಟದ 2003ರ ಶಿಫಾರಸಿನ ಪ್ರಕಾರ 10ಕ್ಕಿಂತ ಕಡಿಮೆ ಸಿಬ್ಬಂದಿಯದು ಅತಿ ಸಣ್ಣದು, 50ಕ್ಕಿಂತ ಕಡಿಮೆಯದು ಸಣ್ಣದು, 250ಕ್ಕಿಂತ ಕಡಿಮೆಯದು ಮಧ್ಯಮ. ಅಷ್ಟಕ್ಕೇ ನಿಲ್ಲದೆ, ವಾರ್ಷಿಕ ವಹಿವಾಟು ಅಥವಾ ಬ್ಯಾಲೆನ್ಸ್ ಶೀಟಿನ ಒಟ್ಟು ಮೊತ್ತ (ಕಂಪನಿಯ ಒಟ್ಟು ಆಸ್ತಿಯ ಮೌಲ್ಯ), ಇವೆರಡರಲ್ಲಿ ಒಂದಾದರೂ ಗೊತ್ತುಪಡಿಸಿದ ಮಿತಿಯೊಳಗೆ ಇರಬೇಕು. ಸಣ್ಣ ಉದ್ಯಮಕ್ಕೆ ಆ ಮಿತಿ 1 ಕೋಟಿ ಯೂರೋ. ದೊಡ್ಡ ಕಂಪನಿಯ ಹಿಡಿತದಲ್ಲಿರುವ ಮರಿ ಕಂಪನಿಯಾದರೆ ತಾಯಿ ಕಂಪನಿಯ ಲೆಕ್ಕವನ್ನೂ ಸೇರಿಸಬೇಕು. ಈ ನಿಯಮ ನನಗೆ ಮೆಚ್ಚುಗೆ. ಒಂದೇ ಅಳತೆ ಇದ್ದರೆ ಅದನ್ನು ತಪ್ಪಿಸುವ ದಾರಿ ಹುಡುಕುವುದು ಸುಲಭ, ಜನರನ್ನು ಗುತ್ತಿಗೆಯ ಹೆಸರಲ್ಲಿ ಹೊರಗೆ ತೋರಿಸಿದರೆ ಆಯಿತು. ಎರಡು ಅಳತೆ ಒಟ್ಟಿಗೆ ಹಿಡಿದರೆ ಆ ಆಟ ಕಷ್ಟ.

ವಿದ್ಯಾರ್ಥಿಗಳಿಗಾಗಿ ಒಂದು ಲೆಕ್ಕ ಬಿಡಿಸಿ ಮುಗಿಸುತ್ತೇನೆ. ಎರಡು ಕಂಪನಿಗಳಿವೆ, ಎರಡೂ ಒಂದೇ ಸರಕು ಮಾಡುತ್ತವೆ. ಮೊದಲನೆಯದರಲ್ಲಿ 400 ಜನ, ಎರಡನೆಯದರಲ್ಲಿ 40. ಬಂಡವಾಳ ಮಾತ್ರ ಎರಡನೆಯದರಲ್ಲಿ ಹತ್ತು ಪಟ್ಟು. ವಹಿವಾಟು ಇಬ್ಬರದೂ ಸಮ. ಯಾವುದು ದೊಡ್ಡದು? ಒಂದೇ ಹೆಸರು ಬರೆದು ಕೈತೊಳೆದುಕೊಳ್ಳಬೇಡಿ. ಸಿಬ್ಬಂದಿಯ ಲೆಕ್ಕದಲ್ಲಿ ಮೊದಲನೆಯದು, ಬಂಡವಾಳದ ಲೆಕ್ಕದಲ್ಲಿ ಎರಡನೆಯದು, ಮಾರಾಟದಲ್ಲಿ ಸರಿಸಮ ಎಂದು ಬರೆಯಿರಿ. ಎರಡನೆಯದು ಯಂತ್ರಗಳನ್ನು ನೆಚ್ಚಿಕೊಂಡಿರಬೇಕು ಎಂದು ಕಾರಣ ಸೇರಿಸಿ. ಆಮೇಲೆ, ಕೇಳುತ್ತಿರುವವರು ಯಾರು ಎಂದು ನೋಡಿ. ಎಷ್ಟು ಮನೆಗಳು ಈ ಕಂಪನಿಯ ಸಂಬಳದಿಂದ ನಡೆಯುತ್ತಿವೆ ಎಂದು ತಿಳಿಯಬೇಕಾದವರಿಗೆ ಸಿಬ್ಬಂದಿಯ ಸಂಖ್ಯೆ ಬೇಕು. ಸಾಲ ಕೊಡುವ ಬ್ಯಾಂಕಿಗೆ ಬಂಡವಾಳದ ವಿವರ ಬೇಕು. ಪೈಪೋಟಿಗಿಳಿದವನಿಗೆ ಮಾರುಕಟ್ಟೆ ಪಾಲು ಬೇಕು. ಕೊನೆಗೆ, ಕೊಟ್ಟಿರುವ ಅಂಕಿಗಳೆಲ್ಲ ಒಂದೇ ವರ್ಷದವೇ, ಅರೆಕಾಲಿಕರನ್ನು ಹೇಗೆ ಎಣಿಸಿದ್ದಾರೆ ಎಂದೂ ಉತ್ತರದಲ್ಲೇ ಕೇಳಿ. ಪ್ರಶ್ನೆಪತ್ರಿಕೆಯಲ್ಲಿ ಅದು ಇಲ್ಲದಿದ್ದರೂ ಕೇಳಿ. ಹಾಗೆ ಕೇಳಿದ ವಿದ್ಯಾರ್ಥಿಗೆ ನಾನಾದರೆ ಪೂರ್ತಿ ಅಂಕ ಕೊಡುತ್ತೇನೆ.

ನಮಸ್ಕಾರ.