ಒಂದು ಕ್ಯಾಸೆಟ್, ಎರಡು ಮಗ್ಗುಲು

ಈ ಕ್ಯಾಸೆಟ್ ನೋಡಿ. ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. 90 ನಿಮಿಷದ್ದು. ಬಿಳಿ ಪ್ಲಾಸ್ಟಿಕ್ ಹಳದಿಗೆ ತಿರುಗಿದೆ. ಒಂದು ಮೂಲೆಯ ಸ್ಕ್ರೂ ಬಿದ್ದುಹೋಗಿ ಅಲ್ಲಿ ಸೆಲ್ಲೋಟೇಪ್ ಅಂಟಿಸಿದ್ದಾರೆ. ಲೇಬಲ್ ಮೇಲೆ ನೀಲಿ ಇಂಕಿನಲ್ಲಿ ಒಂದೇ ಪದ. ಯೆಸ್. ಹಾಡುಗಳ ಹೆಸರಿಲ್ಲ, ಆಲ್ಬಮ್ ಹೆಸರಿಲ್ಲ, ಹಾಡಿದವರು ಯಾರು ಅಂತಲೂ ಇಲ್ಲ.

ನಮಸ್ಕಾರ. ನಾನೀಗ ದಾವಣಗೆರೆಯಲ್ಲಿದ್ದೇನೆ, ನನ್ನ ಸೋದರಮಾವನ ಮನೆಯಲ್ಲಿ. ಬೆಳಗ್ಗೆ ಬಸ್ಸಿಳಿದವಳೇ ಬೆಣ್ಣೆ ದೋಸೆ ತಿಂದೆ, ಆಮೇಲೆ ಸೀದಾ ಇಲ್ಲಿಗೆ ಬಂದೆ. ಈ ಕ್ಯಾಸೆಟ್ ಮಾವನದು. ನಾನು ಹುಟ್ಟುವುದಕ್ಕಿಂತ ಮುಂಚಿನದು. ಯೆಸ್ ಅನ್ನುವುದು ಇಂಗ್ಲೆಂಡಿನ ಒಂದು ರಾಕ್ ಬ್ಯಾಂಡಿನ ಹೆಸರು.

1985ರ ಮಾತು. ಮಾವ ಇಲ್ಲೇ ಇಂಜಿನಿಯರಿಂಗ್ ಓದುತ್ತಿದ್ದರು. ಹಾಸ್ಟೆಲಿನಲ್ಲಿ ಬಾಂಬೆ ಕಡೆಯ ಒಬ್ಬ ಹುಡುಗ ಇದ್ದನಂತೆ. ಅವನ ಹತ್ತಿರ ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ಇತ್ತು. ಪರೀಕ್ಷೆ ಮುಗಿದ ದಿನ ಇದನ್ನು ಮಾವನ ಕೈಗಿಟ್ಟು ಊರಿಗೆ ಹೋದ. ಮಾವ ಮನೆಗೆ ತಂದು ಹಾಕಿದರು. ಮೊದಲನೇ ಮಗ್ಗುಲಲ್ಲಿ ಚುರುಕು ಹಾಡುಗಳು. ಗಟ್ಟಿ ಡ್ರಮ್ಸ್, ಮಿಂಚಿನ ಹಾಗೆ ಬಂದು ಹೋಗುವ ಗಿಟಾರ್. ತಿರುಗಿಸಿ ಹಾಕಿದರೆ ಬೇರೆಯದೇ ಲೋಕ. ಎಂಟು ನಿಮಿಷ, ಹತ್ತು ನಿಮಿಷ ನಡೆಯುವ ಹಾಡುಗಳು. ಒಂದೇ ಹಾಡಿನೊಳಗೆ ತಾಳ ಬದಲಾಗುತ್ತದೆ, ರಾಗ ಎಲ್ಲಿಗೋ ಹೋಗಿ ಸುತ್ತಾಡಿ ಬರುತ್ತದೆ. ಪ್ರೊಗ್ರೆಸಿವ್ ರಾಕ್ ಅನ್ನುವುದು ಇದನ್ನೇ. ಆದರೆ ಆ ಹೆಸರು ಮಾವನಿಗೆ ಆಗ ಗೊತ್ತಿರಲಿಲ್ಲ. ಎರಡು ಬೇರೆ ಬ್ಯಾಂಡ್ ತುಂಬಿಸಿ ಒಂದೇ ಹೆಸರು ಬರೆದಿದ್ದಾನೆ ಅಂದುಕೊಂಡರು. ಹದಿನೈದು ದಿನ ಹಾಗೇ ಅಂದುಕೊಂಡಿದ್ದರು.

ಆಮೇಲೆ ಒಂದು ರಾತ್ರಿ ಕರೆಂಟ್ ಹೋಗಿತ್ತು. ಸೆಲ್ ಹಾಕಿಕೊಂಡು ಕತ್ತಲಲ್ಲಿ ಕೇಳುತ್ತಿದ್ದರು. ಆಗ ಗೊತ್ತಾಯಿತು. ಎರಡೂ ಕಡೆ ಹಾಡುತ್ತಿರುವ ದನಿ ಒಂದೇ. ಎತ್ತರದ, ತೆಳ್ಳಗಿನ, ಹುಡುಗನಂಥ ದನಿ. ಅದರ ಕೆಳಗೆ ಇನ್ನೊಂದು ಸದ್ದು. ಡೊಳ್ಳಿನ ಹಾಗೆ ಎದೆಗೆ ಬಡಿಯುತ್ತದೆ, ಆದರೆ ತುದಿಯಲ್ಲಿ ತಂತಿಯ ಕರಕರ ಇದೆ. ಬೇಸ್ ಗಿಟಾರ್. ಅದೂ ಎರಡೂ ಕಡೆ ಒಂದೇ.

ಮಾವನ ಕಿವಿ ಮೋಸ ಹೋಗಿರಲಿಲ್ಲ. ಮೊದಲನೇ ಮಗ್ಗುಲು ಯೆಸ್‌ನ 1983ರ ಆಲ್ಬಮ್ '90125'. ಎರಡನೇ ಮಗ್ಗುಲು 1971ರ 'ಫ್ರ್ಯಾಜೈಲ್'. ನಡುವೆ 12 ವರ್ಷ. ಐದು ಜನರ ಬ್ಯಾಂಡಿನಲ್ಲಿ ಮೂವರು ಬೇರೆ. ಗಿಟಾರ್‌ಗೆ 'ಫ್ರ್ಯಾಜೈಲ್'ನಲ್ಲಿ ಸ್ಟೀವ್ ಹೋವ್, '90125'ರಲ್ಲಿ ಟ್ರೆವರ್ ರೇಬಿನ್. ಕೀಬೋರ್ಡ್‌ಗೆ ಅಲ್ಲಿ ರಿಕ್ ವೇಕ್‌ಮನ್, ಇಲ್ಲಿ ಟೋನಿ ಕೇ. ಡ್ರಮ್ಸ್‌ಗೆ ಅಲ್ಲಿ ಬಿಲ್ ಬ್ರೂಫರ್ಡ್, ಇಲ್ಲಿ ಅಲನ್ ವೈಟ್. ಉಳಿದವರು ಇಬ್ಬರೇ. ಹಾಡುವ ಜಾನ್ ಆ್ಯಂಡರ್ಸನ್, ಬೇಸ್ ನುಡಿಸುವ ಕ್ರಿಸ್ ಸ್ಕ್ವೈರ್. 1968ರಲ್ಲಿ ಲಂಡನ್ನಿನಲ್ಲಿ ಈ ಬ್ಯಾಂಡ್ ಕಟ್ಟಲು ಮೊದಲು ಕೈಜೋಡಿಸಿದ್ದೂ ಇವರಿಬ್ಬರೇ.

ಈಗ ಇದನ್ನು ನೋಡಿ. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಪುಸ್ತಕ. ಇದು ಕಿರ್ದಿ ಪುಸ್ತಕ. ನಮ್ಮ ಅಜ್ಜ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು, ಅಲ್ಲಿಂದ ಬಂದದ್ದು. ಮಾವ ಇದರಲ್ಲಿ ಐದು ಕಾಲಂ ಎಳೆದಿದ್ದಾರೆ. ಹಾಡು, ಗಿಟಾರ್, ಬೇಸ್, ಕೀಬೋರ್ಡ್, ಡ್ರಮ್ಸ್. ಒಬ್ಬರು ಹೋದರೆ ಅವರ ಹೆಸರನ್ನು ಹೊಡೆದುಹಾಕಿಲ್ಲ. ಅದರ ಕೆಳಗೆ ಬಂದವರ ಹೆಸರು, ಪಕ್ಕದಲ್ಲಿ ವರ್ಷ. ಹಳೆಯ ಮ್ಯಾಗಜೀನುಗಳಿಂದ, ಯಾರೋ ತಂದುಕೊಟ್ಟ ಕ್ಯಾಸೆಟ್ಟಿನ ಒಳಹಾಳೆಯಿಂದ, ಒಂದೊಂದಾಗಿ ಹುಡುಕಿ ಬರೆದದ್ದು.

ಕೀಬೋರ್ಡ್ ಕಾಲಂ ಓದುತ್ತೇನೆ, ಕೇಳಿ. ಟೋನಿ ಕೇ. ಅವರು ಹೋಗಿ 1971ರಲ್ಲಿ ವೇಕ್‌ಮನ್. ವೇಕ್‌ಮನ್ ಹೋಗಿ 1974ರಲ್ಲಿ ಪ್ಯಾಟ್ರಿಕ್ ಮೊರಾಜ್. ಮತ್ತೆ ವೇಕ್‌ಮನ್. 1980ರಲ್ಲಿ ಜೆಫ್ ಡೌನ್ಸ್. ಆಮೇಲೆ ತಿರುಗಿ ಟೋನಿ ಕೇ. ಹೋದವರು ಬರುತ್ತಾರೆ, ಬಂದವರು ಹೋಗುತ್ತಾರೆ. ಇಲ್ಲಿಯವರೆಗೆ ಸುಮಾರು 20 ಮಂದಿ ಈ ಬ್ಯಾಂಡಿನಲ್ಲಿ ಇದ್ದುಹೋಗಿದ್ದಾರೆ.

ಅಜ್ಜ ಈ ಪುಟ ನೋಡಿ ಏನಂದರು ಗೊತ್ತಾ? "ಇದು ನಾಟಕ ಕಂಪನಿ ಲೆಕ್ಕ ಇದ್ದಂಗೈತಲ್ಲೋ."

ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಊರಲ್ಲಿ ನಾಟಕದ ಟೆಂಟುಗಳು. ಅಜ್ಜ ಒಂದೇ ನಾಟಕವನ್ನು ನಾಲ್ಕೈದು ಸಲ ನೋಡುತ್ತಿದ್ದರು. ಹೀರೋ ಪಾತ್ರ ಮಾಡುವವನು ಈ ಜಾತ್ರೆಗೆ ಒಬ್ಬ, ಮುಂದಿನ ಜಾತ್ರೆಗೆ ಇನ್ನೊಬ್ಬ. "ಹೋದ ಸಲದವನ ಗತ್ತು ಇವನಿಗೆ ಬರಲಿಲ್ಲ" ಅಂತ ಗೊಣಗುತ್ತಾ ಮನೆಗೆ ಬರುತ್ತಿದ್ದರು. ಮಾರನೇ ದಿನ ಅದೇ ಟೆಂಟಿನ ಮುಂದೆ. ಹಾಡು ಚೆನ್ನಾಗಿ ಬಂದರೆ "ಒನ್ಸ್ ಮೋರ್" ಅಂತ ಮೊದಲು ಕೂಗುವವರೂ ಅವರೇ. ಹಾರ್ಮೋನಿಯಂ ಮೇಷ್ಟ್ರು ಬದಲಾಗದಿದ್ದರೆ ಸಾಕು ಅನ್ನುತ್ತಿದ್ದರು. ಆ ಮೇಷ್ಟ್ರು ಇರುವತನಕ ನಾಟಕ ದಾರಿ ತಪ್ಪುವುದಿಲ್ಲ ಅಂತ ಅವರ ನಂಬಿಕೆ.

ಯೆಸ್‌ನ ಹಾರ್ಮೋನಿಯಂ ಮೇಷ್ಟ್ರು ಅಂದರೆ ಕ್ರಿಸ್ ಸ್ಕ್ವೈರ್. ಬೇಸ್ ಕಾಲಂ ನೋಡಿ. 2015ರತನಕ ಒಂದೇ ಹೆಸರು, ಕೆಳಗೆಲ್ಲ ಖಾಲಿ ಹಾಳೆ. ಉಳಿದ ಕಾಲಂಗಳಲ್ಲಿ ಹೆಸರಿನ ಕೆಳಗೆ ಹೆಸರು. ಇದೊಂದು ಹಾಗೇ ಇತ್ತು. ಅವರು ಬದುಕಿರುವತನಕ ಬಂದ ಪ್ರತಿ ಯೆಸ್ ಆಲ್ಬಮ್ಮಿನಲ್ಲೂ ಅವರ ಬೇಸ್ ಇದೆ.

ಹಾಗಂತ ಅಭಿಮಾನಿಗಳು ಎಲ್ಲವನ್ನೂ ಸುಮ್ನೆ ಒಪ್ಪಿಕೊಂಡರು ಅಂತಲ್ಲ. 1980ರಲ್ಲಿ ಆ್ಯಂಡರ್ಸನ್, ವೇಕ್‌ಮನ್ ಇಬ್ಬರೂ ಹೊರಟುಹೋದರು. ಅವರ ಜಾಗಕ್ಕೆ ಬಂದವರು ಬಗಲ್ಸ್ ಅನ್ನುವ ಪಾಪ್ ಜೋಡಿ. ಟ್ರೆವರ್ ಹಾರ್ನ್ ಮತ್ತು ಜೆಫ್ ಡೌನ್ಸ್. ಹಾರ್ನ್ ಆ್ಯಂಡರ್ಸನ್ನರ ಎತ್ತರಕ್ಕೆ ರಾತ್ರಿಯೆಲ್ಲ ಹಾಡಬೇಕಿತ್ತು. ಇಂಗ್ಲೆಂಡಿನ ಕೆಲವು ಕಾರ್ಯಕ್ರಮಗಳಲ್ಲಿ ಜನ ಕೂಗಾಡಿದರು. ಆ ವರ್ಷದ ಆಲ್ಬಮ್ 'ಡ್ರಾಮಾ'. ನಮ್ಮ ಮಾವ ಅದನ್ನು ಎಷ್ಟೋ ವರ್ಷ ಮುಟ್ಟಲೇ ಇಲ್ಲ. ಆ್ಯಂಡರ್ಸನ್ ಇಲ್ಲದ ಯೆಸ್ ಯೆಸ್ಸೇ ಅಲ್ಲ ಅಂತ ಹಟ. ಕೊನೆಗೆ ಹುಬ್ಬಳ್ಳಿಗೆ ಹೋಗುವ ರೈಲಿನಲ್ಲಿ ವಾಕ್‌ಮನ್‌ನಲ್ಲಿ ಕೇಳಿದರಂತೆ. ಇಳಿಯುವ ಹೊತ್ತಿಗೆ ಮೂರು ಸಲ ಆಗಿತ್ತು. ಸ್ಕ್ವೈರ್ ಬೇಸ್ ಅದರಲ್ಲಿರುವಷ್ಟು ಚೆನ್ನಾಗಿ ಬೇರೆಲ್ಲೂ ಇಲ್ಲ ಅಂತ ಈಗ ವಾದ ಮಾಡುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ಇನ್ನೊಂದು ವಿಷಯ ಮಾವನಿಗೆ ತಡವಾಗಿ ಗೊತ್ತಾಯಿತು. ಅವರು ಪ್ರಾಣ ಬಿಡುತ್ತಿದ್ದ '90125' ಇದೆಯಲ್ಲ, ಅದರ ನಿರ್ಮಾಪಕ ಇದೇ ಟ್ರೆವರ್ ಹಾರ್ನ್. ಸ್ಕ್ವೈರ್, ವೈಟ್, ರೇಬಿನ್ ಸೇರಿ ಸಿನೆಮಾ ಅನ್ನುವ ಹೆಸರಲ್ಲಿ ಹೊಸ ಬ್ಯಾಂಡ್ ಕಟ್ಟುತ್ತಿದ್ದರು. ಟೋನಿ ಕೇ ಬಂದರು. ಕೆಲಸ ಬಹಳಷ್ಟು ಮುಗಿದ ಮೇಲೆ ಆ್ಯಂಡರ್ಸನ್ ಬಂದು ಹಾಡಿದರು. ಆ ದನಿ ಬಿದ್ದ ಮೇಲೆ ಬೇರೆ ಹೆಸರು ಹೇಗೆ ಇಡುವುದು? ಹಳೆಯ ಹೆಸರೇ ಬಂತು. ಅದರ ಮೊದಲ ಹಾಡು 1984ರ ಜನವರಿಯಲ್ಲಿ ಅಮೆರಿಕದ ಪಟ್ಟಿಯಲ್ಲಿ ನಂಬರ್ ಒನ್ ಆಯಿತು.

ಅಜ್ಜನ ಕಪಾಟಿನದೂ ಒಂದು ಕಥೆ ಇದೆ. ಪರಮಹಂಸ ಯೋಗಾನಂದರ 'ಯೋಗಿಯ ಆತ್ಮಕಥೆ' ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಇರುತ್ತದೆ, ಅಲ್ವಾ? ಅದರ ಒಂದು ಅಡಿಟಿಪ್ಪಣಿಯಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರ ಅಂತ ನಾಲ್ಕು ಬಗೆಯ ಶಾಸ್ತ್ರಗಳ ಮಾತು ಬರುತ್ತದೆ. 1973ರಲ್ಲಿ ಟೋಕಿಯೋದ ಹೋಟೆಲಿನಲ್ಲಿ ಕೂತು ಆ್ಯಂಡರ್ಸನ್ ಅದನ್ನು ಓದಿದರು. ನಾಲ್ಕು ಶಾಸ್ತ್ರಕ್ಕೆ ನಾಲ್ಕು ಹಾಡು. ಒಂದೊಂದು ಸುಮಾರು 20 ನಿಮಿಷ. ಎರಡು ಎಲ್‌ಪಿ ತಟ್ಟೆ. 'ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್'. ವೇಕ್‌ಮನ್‌ಗೆ ಅದು ಹಿಡಿಸಲೇ ಇಲ್ಲ. ಆ ಪ್ರವಾಸದಲ್ಲಿ ಒಂದು ರಾತ್ರಿ ವೇದಿಕೆ ಮೇಲೇ ಕರಿ ಊಟ ಮಾಡಿದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಬ್ಯಾಂಡನ್ನೂ ಬಿಟ್ಟರು. ಅಭಿಮಾನಿಗಳಲ್ಲಿ ಈ ಆಲ್ಬಮ್ ಬಗ್ಗೆ ಜಗಳ ಇವತ್ತಿಗೂ ನಿಂತಿಲ್ಲ. ಮಾವ ಮಾತ್ರ ಆ ಪುಟದಲ್ಲಿ ಒಂದು ಬಸ್ ಟಿಕೆಟ್ ಇಟ್ಟಿದ್ದಾರೆ. ಅಜ್ಜ ಓದುತ್ತಿದ್ದ ಪುಸ್ತಕ, ಮಗ ಕೇಳುತ್ತಿದ್ದ ಹಾಡು, ಎರಡೂ ಒಂದೇ ಟಿಪ್ಪಣಿಯಲ್ಲಿ ಸೇರಿವೆ. ಈ ಮನೆಯಲ್ಲಿ ನನಗೆ ತುಂಬಾ ಇಷ್ಟವಾದ ಪುಟ ಅದು.

ಈಗ 2008ಕ್ಕೆ ಬರುತ್ತೇನೆ. ಬ್ಯಾಂಡಿಗೆ 40 ವರ್ಷ. ದೊಡ್ಡ ಪ್ರವಾಸ ಗೊತ್ತಾಗಿತ್ತು. ಆ್ಯಂಡರ್ಸನ್‌ಗೆ ಉಸಿರಾಟದ ತೊಂದರೆ ಜಾಸ್ತಿ ಆಗಿ ಎಲ್ಲ ರದ್ದಾಯಿತು. ಅವರು ಚೇತರಿಸಿಕೊಳ್ಳುವ ಮೊದಲೇ ಉಳಿದವರು ಹೊರಟರು. ಅದು ಆ್ಯಂಡರ್ಸನ್‌ಗೆ ನೋವಾಯಿತು, ಅಭಿಮಾನಿಗಳಿಗೂ ಆಯಿತು. ಮಾವ ಅವತ್ತು ಕಿರ್ದಿ ಪುಸ್ತಕ ತೆಗೆದು ಹೆಸರು ಬರೆಯದೆ ಮುಚ್ಚಿಟ್ಟರು. ಸುಮಾರು ಎರಡು ವರ್ಷ ತೆಗೆಯಲಿಲ್ಲ.

ಬಂದ ಹಾಡುಗಾರ ಯಾರು ಅಂತ ತಿಳಿದ ಮೇಲೆ ಮನಸ್ಸು ಕರಗಿತು. ಬೆನ್ವಾ ಡೇವಿಡ್, ಕೆನಡಾದವರು. ಯೆಸ್ ಹಾಡುಗಳನ್ನೇ ಹಾಡುತ್ತಿದ್ದ ಒಂದು ಅಭಿಮಾನಿ ಬ್ಯಾಂಡಿನ ಹಾಡುಗಾರ. ಅವರ ವಿಡಿಯೋವನ್ನು ಸ್ಕ್ವೈರ್ ಯೂಟ್ಯೂಬಿನಲ್ಲಿ ನೋಡಿ ಕರೆದರು. 2012ರಲ್ಲಿ ಅವರ ಜಾಗಕ್ಕೆ ಬಂದ ಜಾನ್ ಡೇವಿಸನ್ ಕೂಡ ಯೆಸ್ ಹಾಡುಗಳ ಅಭಿಮಾನಿ ಬ್ಯಾಂಡಿನಲ್ಲಿ ಹಾಡಿದ್ದವರು. ಆ ಕಡೆ ಆ್ಯಂಡರ್ಸನ್ ಕೂಡ ಇದನ್ನೇ ಮಾಡಿದ್ದಾರೆ. ಯೆಸ್ ಹಾಡು ನುಡಿಸಿ ವಿಡಿಯೋ ಹಾಕುತ್ತಿದ್ದ ಬ್ಯಾಂಡ್ ಗೀಕ್ಸ್ ಅನ್ನುವ ತಂಡವನ್ನು ಸೇರಿಸಿಕೊಂಡು 2024ರಲ್ಲಿ ಹೊಸ ಆಲ್ಬಮ್ ತಂದರು. ಬೇರೆ ಬೇರೆ ಬಸ್ಸು ಹತ್ತಿದರೂ ಎರಡೂ ಕಡೆಯವರು ಬಂದು ಇಳಿದದ್ದು ಅಭಿಮಾನಿಗಳ ಮನೆ ಬಾಗಿಲಿಗೇ. ಟೆಂಟಿನ ಮುಂದಿನ ಸಾಲಲ್ಲಿ ಕೂತು ಎಲ್ಲ ಮಾತು ಬಾಯಿಪಾಠ ಮಾಡಿಕೊಂಡವನನ್ನು, ಬಾರಪ್ಪಾ ಅಂತ ಬಣ್ಣ ಹಚ್ಚಿ ನಿಲ್ಲಿಸಿದ ಹಾಗೆ.

2015ರ ಜೂನ್ 27. ಕ್ರಿಸ್ ಸ್ಕ್ವೈರ್ ತೀರಿಕೊಂಡರು. ರಕ್ತದ ಕ್ಯಾನ್ಸರ್. ತನ್ನ ಜಾಗದಲ್ಲಿ ಬಿಲ್ಲಿ ಶೆರ್ವುಡ್ ನುಡಿಸಬೇಕು ಅಂತ ಅವರೇ ಹೇಳಿದ್ದರು. ಆಗಸ್ಟಿನಲ್ಲಿ ಬ್ಯಾಂಡ್ ಮತ್ತೆ ವೇದಿಕೆ ಹತ್ತಿತು. ಶುರುವಿನಲ್ಲಿ ಯಾರೂ ಇರಲಿಲ್ಲ. ಸ್ಕ್ವೈರ್ ಅವರ ರಿಕನ್‌ಬ್ಯಾಕರ್ ಬೇಸ್ ಒಂದನ್ನೇ ನಿಲ್ಲಿಸಿ, ಅದರ ಮೇಲೆ ಬೆಳಕು ಬಿಟ್ಟು, ಅವರೇ ಬರೆದ ಹಾಡು ಹಾಕಿದರು. ಆ ವಿಡಿಯೋ ಮಾವ ನನಗೆ ಕಳಿಸಿದ್ದರು. ಜೊತೆಗೆ ಒಂದು ಮಾತೂ ಬರೆದಿರಲಿಲ್ಲ.

ಪುಸ್ತಕದಲ್ಲಿ ಆ ಕಾಲಂ ನೋಡಿ. ಸ್ಕ್ವೈರ್ ಹೆಸರಿನ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಿದ್ದಾರೆ. ಆಮೇಲೆ ಶೆರ್ವುಡ್. ಬೇರೆ ಯಾವ ಕಾಲಂನಲ್ಲೂ ಹೀಗೆ ಜಾಗ ಬಿಟ್ಟಿಲ್ಲ. ಡ್ರಮ್ಸ್ ಕಾಲಂನಲ್ಲಿ ಅಲನ್ ವೈಟ್. 1972ರಲ್ಲಿ ಬಂದಾಗ ಎಲ್ಲ ಹಾಡು ಕಲಿಯಲು ಮೂರೇ ದಿನ ಇತ್ತಂತೆ. 2022ರಲ್ಲಿ ತೀರಿಕೊಳ್ಳುವತನಕ ಬ್ಯಾಂಡ್ ಬಿಡಲಿಲ್ಲ. ಅವರ ಕೆಳಗೆ ಜೇ ಶೆಲನ್. 2023ರಲ್ಲಿ ಈ ತಂಡದ್ದೇ ಹೊಸ ಆಲ್ಬಮ್ ಬಂತು. ಗಿಟಾರ್ ಹಿಡಿದು ಸ್ಟೀವ್ ಹೋವ್ ಇನ್ನೂ ಇದ್ದಾರೆ. ಅವರು ಹುಟ್ಟಿದ್ದು 1947ರಲ್ಲಿ.

ಈಗ ಸಂಜೆ. ಅತ್ತೆ ಮಂಡಕ್ಕಿ ಕಲಸಿದ್ದಾರೆ, ಬಿಸಿ ಮೆಣಸಿನಕಾಯಿ ಕರಿದಿದ್ದಾರೆ. ಮಾವ ಟೇಪ್ ರೆಕಾರ್ಡರ್‌ಗೆ ಹೊಸ ಬೆಲ್ಟ್ ಹಾಕಿಸಿಕೊಂಡು ಬಂದಿದ್ದಾರೆ. ಕ್ಯಾಸೆಟ್ ರೀಲ್ ಸಡಿಲವಾಗಿತ್ತು. ಪೆನ್ಸಿಲ್ ತೂರಿಸಿ ಮೆಲ್ಲಗೆ ಸುತ್ತಿದರು. ಎರಡನೇ ಮಗ್ಗುಲು ಹಾಕಿದರು.

ಕೇಳಿ. ಮೊದಲು ಟೇಪಿನ ಸುಯ್ ಅನ್ನುವ ಸದ್ದು. ಆಮೇಲೆ ದೂರದಿಂದ ಏನೋ ಊದಿಕೊಂಡು ಹತ್ತಿರ ಬಂದ ಹಾಗೆ ಆಗುತ್ತದೆ. ಅದು ಪಿಯಾನೋ. ನುಡಿಸಿದ್ದನ್ನು ಹಿಂದುಮುಂದಾಗಿ ಓಡಿಸಿದ್ದಾರೆ. ಅದು ತಟ್ಟನೆ ನಿಲ್ಲುತ್ತದೆ. ಅಲ್ಲಿಂದ ಹೋವ್ ಗಿಟಾರ್, ಹಂಚಿನ ಅಂಚಿನಿಂದ ಬೀಳುವ ಮಳೆ ಹನಿಯ ಹಾಗೆ.

ಮಾವನ ಮಗಳು ಡಿಗ್ರಿ ಎರಡನೇ ವರ್ಷ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್ ಕೊಂಡಳು. ಟೇಪಿನ ಜೊತೆಗೇ ನುಡಿಸುತ್ತಿದ್ದಾಳೆ. ಹಾಡು ಓಡತೊಡಗಿದ ಜಾಗದಲ್ಲಿ ಸದ್ದು ಮಂಕಾಯಿತು. ಮಾವ ಟೇಪ್ ನಿಲ್ಲಿಸಿದರು.

"ಬೆರಳಿಂದ ಬ್ಯಾಡವ್ವ. ಸ್ಕ್ವೈರ್ ಪಿಕ್ ಹಿಡಿದು ನುಡಿಸ್ತಿದ್ರು. ಆ ಕರಕರ ಬರೋದು ಅದರಿಂದನ."

"ನನಗೆ ಬೆರಳಿಂದಾನೇ ಬರೋದು ಅಪ್ಪಾಜಿ."

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪೆನ್ಸಿಲ್ ತೂರಿಸಿ ರೀಲ್ ಹಿಂದಕ್ಕೆ ಸುತ್ತಿದರು.

"ಆತು ಬಿಡು. ಮೊದಲಿಂದ ನುಡಿಸು."